ದೂರು ಕೊಟ್ಟವನ ಪೈಪು

ಅರ್ಜಿ ಬರೆದವನು ನಾನೇ. ಒಂದೂವರೆ ಪುಟ, ಕೈಬರಹ. ‘ನಮ್ಮ ತೋಟದ ಮೇಲ್ಭಾಗದಲ್ಲಿರುವ ಎಸ್ಟೇಟಿನವರು ಕಾಫಿ ಪಲ್ಪಿಂಗ್ ಮಾಡಿದ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದು’ ಎಂದು ಶುರುವಾಗಿ ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ’ ಎಂದು ಮುಗಿಯುವ ಮಾಮೂಲಿ ಅರ್ಜಿ. ಮೊಬೈಲಿನಲ್ಲಿ ತೆಗೆದ ನಾಲ್ಕು ಚಿತ್ರಗಳನ್ನು ಪೇಟೆಯಲ್ಲಿ ಮುದ್ರಿಸಿ ಲಗತ್ತಿಸಿದ್ದೆ. ಒಂದರಲ್ಲಿ ಹಳ್ಳದ ಕಲ್ಲುಗಳ ಮೇಲೆ ಕಂದು ಲೋಳೆ, ಇನ್ನೊಂದರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನಿನ ಮರಿಗಳು. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡೆ. ಐದು ವಾರದ ನಂತರ ಮೊದಲ ನೋಟಿಸು ಬಂದದ್ದು ನನ್ನ ಹೆಸರಿಗೆ.

ಮೂರು ವರ್ಷದ ಹಿಂದಿನ ಮಾತು ಇದು. ಈಗ ಹೇಳುವಾಗ ನಗು ಬರುತ್ತದೆ. ಆಗ ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ.

ನಮ್ಮದು ಸಕಲೇಶಪುರ ತಾಲ್ಲೂಕು. ಹನ್ನೆರಡು ಎಕರೆ ಕಾಫಿ ತೋಟ. ಹೆಚ್ಚಿನದು ಅರೇಬಿಕಾ, ಅಂಚಿನಲ್ಲಿ ಒಂದಿಷ್ಟು ರೊಬಸ್ಟಾ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ತೋಟದ ಪಕ್ಕದಲ್ಲೇ ಹಳ್ಳ. ಅದರ ಮೇಲ್ಭಾಗದಲ್ಲಿ ದೊಡ್ಡ ಎಸ್ಟೇಟು, ಕೆಳಭಾಗದಲ್ಲಿ ನಾಲ್ಕೈದು ಮನೆಗಳ ಗದ್ದೆ, ನಡುವೆ ನಾವು. ಹಳ್ಳ ಹೋಗಿ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ನಾಲೆ ಹಿಡಿದು ತುಮಕೂರಿನವರ ಕುಡಿಯುವ ನೀರೂ ಆಗುತ್ತದೆ. ಇದನ್ನೆಲ್ಲ ನಾನು ಶಾಲೆಯಲ್ಲೇ ಓದಿದ್ದೆ. ನಮ್ಮ ಪಲ್ಪರ್ ಮನೆಯ ಹಿಂದಿನ ಪೈಪಿಗೂ ತುಮಕೂರಿನ ನಲ್ಲಿಗೂ ನಂಟು ಹಚ್ಚಿ ಯೋಚಿಸಿರಲಿಲ್ಲ, ಅಷ್ಟೇ.

ಕಾಫಿ ಸೀಮೆಯಲ್ಲಿ ಹುಟ್ಟದವರಿಗಾಗಿ ಎರಡು ಮಾತು. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸುತ್ತೇವೆ. ಬೀಜಕ್ಕೆ ಅಂಟಿದ ಲೋಳೆಯನ್ನು ತೊಟ್ಟಿಯಲ್ಲಿ ಹುಳಿ ಬರಿಸಿ, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಸಿಪ್ಪೆ ಸಮೇತ ಹಾಗೆಯೇ ಒಣಗಿಸಿದರೆ ಚೆರ್ರಿ. ಪಾರ್ಚ್‌ಮೆಂಟಿಗೆ ಬೆಲೆ ಹೆಚ್ಚು, ಕಣದಲ್ಲಿ ಇರಬೇಕಾದ ದಿನಗಳೂ ಕಡಿಮೆ. ಆದರೆ ಅದಕ್ಕೆ ನೀರು ಬೇಕು. ಆ ನೀರು ಹಣ್ಣಿನ ಸಕ್ಕರೆಯನ್ನೂ ಲೋಳೆಯನ್ನೂ ಹೊತ್ತುಕೊಂಡು ಎಲ್ಲಿಗಾದರೂ ಹೋಗಬೇಕು. ಕುಯ್ಲು ನಡೆಯುವುದು ನವೆಂಬರಿನಿಂದ ಜನವರಿಯವರೆಗೆ. ಮಳೆಗಾಲದಲ್ಲಿ ಆನೆಯನ್ನೂ ಕೊಚ್ಚಿಕೊಂಡು ಹೋಗುವಂತೆ ಹರಿಯುವ ಹಳ್ಳ, ಕುಯ್ಲು ಏರುವ ಹೊತ್ತಿಗೆ ಮೊಣಕಾಲಿನ ಮಟ್ಟಕ್ಕೂ ಬರುವುದಿಲ್ಲ. ನೀರು ಅತಿ ಕಡಿಮೆ ಇರುವಾಗಲೇ ಕೊಳೆ ಅತಿ ಹೆಚ್ಚು ಬೀಳುತ್ತದೆ.

ಜನವರಿಯ ಒಂದು ಬೆಳಗ್ಗೆ ಜೀಪು ಬಂತು. ಪರಿಸರ ಅಧಿಕಾರಿ ಒಬ್ಬರು, ಪ್ರಯೋಗಾಲಯದ ಯುವತಿ ಒಬ್ಬರು, ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆ ಹೊತ್ತ ಸಹಾಯಕ. ನಾನು ದೂರುದಾರನ ಗತ್ತಿನಲ್ಲೇ ಮುಂದೆ ನಡೆದೆ. ಎಸ್ಟೇಟಿನ ಬೇಲಿಯ ಹತ್ತಿರ ಕೈ ತೋರಿಸಿ, “ಇಲ್ಲಿಂದಲೇ ಸರ್ ಬರುವುದು” ಎಂದೆ. ಅಧಿಕಾರಿ ತಲೆಯಾಡಿಸಿ, “ಮೊದಲು ಹಳ್ಳದ ಉದ್ದಕ್ಕೂ ನಡೆಯೋಣ” ಎಂದರು. ದೂರು ಬಂದ ಜಾಗವನ್ನು ಮಾತ್ರ ನೋಡುವುದಿಲ್ಲವಂತೆ, ಮೇಲಿನಿಂದ ಕೆಳಗಿನವರೆಗೂ ನೋಡುತ್ತಾರಂತೆ. ನನಗೆ ಆಗಲೇ ಸಣ್ಣಗೆ ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಯಾಕೆಂದರೆ ನಮ್ಮ ನೀರು ಹಳ್ಳಕ್ಕೆ ಹೋಗುತ್ತಿರಲಿಲ್ಲ. ಹೊಂಡಕ್ಕೆ ಹೋಗುತ್ತಿತ್ತು.

ಮೂರು ಕಡೆ ನಿಂತರು. ಎಸ್ಟೇಟಿಗಿಂತ ಮೇಲೆ, ಕಾಡಿನ ಅಂಚಿನಲ್ಲಿ ಒಂದು. ಎಸ್ಟೇಟು ಮುಗಿದು ನಮ್ಮ ತೋಟ ಶುರುವಾಗುವಲ್ಲಿ ಒಂದು. ನಮ್ಮ ತೋಟ ಮುಗಿದು ಗದ್ದೆ ಶುರುವಾಗುವಲ್ಲಿ ಒಂದು. ಪ್ರತಿ ಕಡೆಯೂ ಆ ಹುಡುಗಿ ಗಾಜಿನ ಬಿರಡೆಯ ಸಣ್ಣ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಎರಡು ಬಗೆಯ ದ್ರಾವಣವನ್ನು ಪಿಪೆಟ್ಟಿನಲ್ಲಿ ಬಿಟ್ಟು, ಬಿರಡೆ ಒತ್ತಿ ತಿರುಗಿಸಿ ತಿರುಗಿಸಿ ಕಲಸಿದರು. ಒಂದು ಮ್ಯಾಂಗನೀಸ್ ಸಲ್ಫೇಟ್, ಇನ್ನೊಂದು ಕ್ಷಾರ ಬೆರೆಸಿದ ಅಯೊಡೈಡ್ ಎಂದು ನಾನು ಕೇಳಿದ ಮೇಲೆ ಹೇಳಿದರು. ನೀರಿನಲ್ಲಿ ಕರಗಿದ ಆಮ್ಲಜನಕವಿದ್ದರೆ ಬಾಟಲಿಯಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ. ಇಲ್ಲದಿದ್ದರೆ ಬಿಳಿ.

“ಅಂದರೆ ಮೇಡಂ, ಕಾಫಿ ಬಣ್ಣ ಬಂದರೆ ಒಳ್ಳೆಯದು, ಹಾಲಿನ ಬಣ್ಣ ಬಂದರೆ ಕೆಟ್ಟದ್ದು?”

“ಹಾಗೇ ನೆನಪಿಟ್ಟುಕೊಳ್ಳಿ ಸರ್” ಎಂದು ನಕ್ಕರು.

ಮೂರೂ ಬಾಟಲಿಗಳನ್ನು ನಮ್ಮ ಪಲ್ಪರ್ ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಕಾಡಿನಂಚಿನದು ದಟ್ಟ ಕಂದು. ಎಸ್ಟೇಟು ದಾಟಿದ್ದು ತೆಳು ಕಂದು, ನಮ್ಮ ಕಡೆ ನೆಂಟರಿಗೆ ನೀರು ಜಾಸ್ತಿ ಹಾಕಿ ಕೊಡುವ ಕಾಫಿಯಂತೆ. ನಮ್ಮ ತೋಟ ದಾಟಿದ್ದು ಹಾಲು. ಬಿಳುಪು ಎಂದರೆ ಅಪ್ಪಟ ಬಿಳುಪು.

ಯಾರೂ ಏನೂ ಹೇಳಲಿಲ್ಲ. ಅಧಿಕಾರಿ ನಮ್ಮ ಹೊಂಡದ ದಡಕ್ಕೆ ಹೋಗಿ ನಿಂತರು. ಹಳ್ಳದಿಂದ ಎಂಟು ಅಡಿ ಈಚೆಗೆ ಅಪ್ಪ ತೋಡಿಸಿದ್ದ ಹೊಂಡ.

“ಇದು ತುಂಬಿದಾಗ ನೀರು ಎಲ್ಲಿಗೆ ಹೋಗುತ್ತದೆ?”

“ತುಂಬುವುದಿಲ್ಲ ಸರ್, ಇಂಗುತ್ತದೆ.”

“ಎಲ್ಲಿಗೆ ಇಂಗುತ್ತದೆ?”

ಉತ್ತರ ಹಳ್ಳದ ಕಡೆಯ ದಂಡೆಯಲ್ಲೇ ಇತ್ತು. ಕೆಸುವಿನ ಗಿಡಗಳ ಬುಡದಿಂದ ಬೆರಳು ಗಾತ್ರದ ಕಂದು ಧಾರೆ ಹೊರಟು ಸದ್ದಿಲ್ಲದೆ ಹಳ್ಳಕ್ಕೆ ಇಳಿಯುತ್ತಿತ್ತು. ಮೇಲಿನಿಂದ ಬರುವುದನ್ನು ನೋಡಲು ಇಪ್ಪತ್ತು ಸಲ ಆ ದಾರಿಯಲ್ಲಿ ನಡೆದಿದ್ದೇನೆ. ಅಲ್ಲಿ ಮಾತ್ರ ಬಗ್ಗಿ ನೋಡಿರಲಿಲ್ಲ.

ಪೈಪಿನ ಬಾಯಿಯಿಂದ ನೀರು ಹಿಡಿಯುವಾಗ ಕ್ರಮ ಬದಲಾಯಿತು. 1974ರ ಜಲ ಕಾಯ್ದೆಯ 21ನೆಯ ಕಲಮಿನ ಪ್ರಕಾರ ಮಾದರಿ ತೆಗೆಯುತ್ತಿರುವುದಾಗಿ ಅಲ್ಲೇ ಒಂದು ನೋಟಿಸು ಬರೆದು ಕೈಗೆ ಕೊಟ್ಟರು. ಮಾದರಿಯನ್ನು ನನ್ನ ಎದುರೇ ಎರಡು ಪಾಲು ಮಾಡಿ, ಡಬ್ಬಿಗಳಿಗೆ ಗುರುತು ಹಾಕಿ, ಅರಗಿನ ಮುದ್ರೆ ಒತ್ತಿದರು. ಎರಡರ ಮೇಲೂ ಅವರದೊಂದು ಸಹಿ, ನನ್ನದೊಂದು ಸಹಿ. ಒಂದು ಮಂಡಳಿಯ ಪ್ರಯೋಗಾಲಯಕ್ಕೆ. ನಾನು ಕೇಳಿಕೊಂಡರೆ ಇನ್ನೊಂದನ್ನು ಸರ್ಕಾರ ಗೊತ್ತುಪಡಿಸಿದ ಬೇರೆ ಪ್ರಯೋಗಾಲಯಕ್ಕೂ ಕಳಿಸಬಹುದು ಎಂದು ತಿಳಿಸಿದರು. ಬೇಡವೆಂದೆ. ಮೂಗು ಇದ್ದವನಿಗೆ ಎರಡನೆಯ ಅಭಿಪ್ರಾಯ ಬೇಕಿರಲಿಲ್ಲ. ಕಾಯ್ದೆಯ ಇಸವಿ ಮಾತ್ರ ತಲೆಯಲ್ಲಿ ಉಳಿಯಿತು. ಅಪ್ಪ ಆ ಪಲ್ಪರ್ ಹಾಕಿಸಿದ್ದೂ 1974ರಲ್ಲೇ. ಗೋಡೆಯ ಮೇಲೆ ಗಾರೆಯಲ್ಲಿ ಕೆತ್ತಿಸಿದ್ದಾರೆ. ಐವತ್ತು ವರ್ಷ ಆ ಕಾಯ್ದೆ ಮತ್ತು ಆ ಯಂತ್ರ ಒಂದೇ ಜಿಲ್ಲೆಯಲ್ಲಿದ್ದೂ ಮುಖಾಮುಖಿಯಾಗಿರಲಿಲ್ಲ.

ಜೀಪು ಹೋದ ಮೇಲೆ ಕೆಳಗಿನ ಮನೆಯ ಮಾವ ಗದ್ದೆಯ ಬದುವಿನ ಮೇಲೆ ನಿಂತಿದ್ದರು. ರಕ್ತಸಂಬಂಧದಲ್ಲಿ ಮಾವನಲ್ಲ, ಊರಿನ ಲೆಕ್ಕದಲ್ಲಿ ಮಾವ. ಎಪ್ಪತ್ತು ದಾಟಿದೆ.

“ಇಷ್ಟು ವರ್ಷ ಒಂದು ಮಾತು ಹೇಳಬಹುದಿತ್ತಲ್ಲ ಮಾವ?”

“ನಿಮ್ಮಪ್ಪನ ಕಾಲದಿಂದ ಇರುವುದೇ ಅಲ್ಲವೇನಪ್ಪಾ. ಡಿಸೆಂಬರ್ ಬಂತೆಂದರೆ ದನಗಳಿಗೆ ಬಾವಿ ನೀರು ಸೇದಿ ಹಾಕುತ್ತೇವೆ. ಅದೇನು ಹೊಸದೇ?”

ನೋಟಿಸಿಗಿಂತ ಈ ಮಾತು ಚುಚ್ಚಿತು. ನನ್ನ ತೋಟದ ಹಳ್ಳಕ್ಕೆ ಮೇಲಿನವರ ನೀರು ಬಂದು ನಾರಿದಾಗ ಒಂದೇ ವರ್ಷಕ್ಕೆ ಅರ್ಜಿ ಬರೆದವನು ನಾನು. ಅವರು ಐವತ್ತು ವರ್ಷ ಬಾವಿಯಿಂದ ನೀರು ಸೇದಿದ್ದರು.

ಕಾರಣ ಕೇಳಿ ನೋಟಿಸಿನ ಜೊತೆಗೇ ವಿಶ್ಲೇಷಣಾ ವರದಿಯ ಪ್ರತಿ ಇತ್ತು. ಅದರಲ್ಲಿ ನನಗೆ ಮುಖ್ಯವಾದದ್ದು ಬಿಒಡಿ ಎಂಬ ಒಂದು ಸಾಲು. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಮಾದರಿಯನ್ನು 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು, ನೆಲಕ್ಕೆ ಹಾಯಿಸುವುದಾದರೆ 100. ಪಟ್ಟಣದ ಕಚ್ಚಾ ಚರಂಡಿ ನೀರಿನದೇ ಸಾಮಾನ್ಯವಾಗಿ 200ರಿಂದ 300 ಇರುತ್ತದೆ. ನನ್ನದು ನಾಲ್ಕಂಕಿಯ ಸಂಖ್ಯೆ. ವಿಷವಲ್ಲ, ರಾಸಾಯನಿಕವಲ್ಲ, ‘ಬರೀ ಹಣ್ಣಿನ ನೀರು’ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹಣ್ಣಿನ ನೀರೇ ಹೌದು. ಹಣ್ಣಾದ್ದರಿಂದಲೇ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಉಂಡು ಮುಗಿಸುವಷ್ಟರಲ್ಲಿ ಹಳ್ಳದ ಉಸಿರು ಖಾಲಿ. ಮೀನು ಸತ್ತದ್ದು ಉಸಿರುಗಟ್ಟಿ.

ಹದಿನೈದು ದಿನದೊಳಗೆ ಉತ್ತರ ಕೊಡಬೇಕಿತ್ತು. ವಕೀಲರ ಹತ್ತಿರ ಹೋಗು ಎಂದರು ಕೆಲವರು. ‘ಯಾರನ್ನಾದರೂ ನೋಡು’ ಎಂದರು ಇನ್ನು ಕೆಲವರು. ಆ ಮಾತಿನ ಅರ್ಥ ನಿಮಗೂ ಗೊತ್ತು. ನಾನು ಹೋದದ್ದು ಕಾಫಿ ಮಂಡಳಿಯ ಸಂಪರ್ಕಾಧಿಕಾರಿಯ ಬಳಿಗೆ. ನೇರವಾಗಿ ತಪ್ಪು ಒಪ್ಪಿ, ಮುಂದಿನ ಕುಯ್ಲಿನೊಳಗೆ ಶುದ್ಧೀಕರಣದ ವ್ಯವಸ್ಥೆ ಮಾಡುತ್ತೇನೆಂದು ನಕ್ಷೆ ಸಮೇತ ಬರೆದುಕೊಡಿ ಎಂದು ಅವರು ಸಲಹೆ ಕೊಟ್ಟರು. ಹಾಗೇ ಮಾಡಿದೆ. ಕಾಲಾವಕಾಶ ಸಿಕ್ಕಿತು.

ಮೊದಲು ನೀರನ್ನು ಅಳೆಯಬೇಕಿತ್ತು. ನಮ್ಮಲ್ಲಿ ಯಾರೂ ಅಳೆಯುವುದಿಲ್ಲ, ಪಲ್ಪರಿಗೆ ನಲ್ಲಿ ತಿರುಗಿಸಿದರೆ ಕೊನೆಯ ಮೂಟೆಯವರೆಗೂ ಅದು ಸುರಿಯುತ್ತಲೇ ಇರುತ್ತದೆ. ಸಾವಿರ ಲೀಟರಿನ ಟ್ಯಾಂಕ್ ಜೋಡಿಸಿ, ಖಾಲಿಯಾದಾಗಲೆಲ್ಲ ತೋಟದ ಲೆಕ್ಕ ಬರೆಯುವ ರೈಟರ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದ. ಸಾವಿರದ ಐನೂರು ಕೆ.ಜಿ. ಹಣ್ಣು ಬಂದ ದಿನ ಒಂಬತ್ತು ಗೆರೆ. ಪಲ್ಪರಿನಿಂದ ಹೊರಬಂದ ನೀರನ್ನು ಜಾಲರಿಯಲ್ಲಿ ಸೋಸಿ ಅದೇ ದಿನ ಮತ್ತೆ ಪಲ್ಪರಿಗೇ ತಿರುಗಿಸಿದರೆ, ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು ಬಳಸಿದರೆ, ನಾಲ್ಕು ಗೆರೆಗೆ ಇಳಿಯಿತು. ಒಂದು ಹಳೆಯ ಪಂಪು ಮತ್ತು ಒಂದು ಜಾಲರಿಯ ಖರ್ಚು. ಅಷ್ಟು ವರ್ಷ ಐದು ಟ್ಯಾಂಕ್ ನೀರನ್ನು ಸುಮ್ಮನೆ ಕೊಳೆ ಮಾಡಿದ್ದೆವು. ಇಡೀ ಕೆಲಸದಲ್ಲಿ ಅತಿ ಅಗ್ಗದ್ದೂ ಅತಿ ಉಪಯೋಗಕ್ಕೆ ಬಂದದ್ದೂ ಇದೇ. ಯಾವ ನಮೂನೆಯಲ್ಲೂ ಇದಕ್ಕೆ ಒಂದು ಸಾಲಿನ ಜಾಗವಿಲ್ಲ.

ಆಮೇಲೆ ಹೊಂಡಗಳು. ಹಳ್ಳದ ದಂಡೆಯ ಹಳೆಯದನ್ನು ಮುಚ್ಚಿಸಿ, ಮೇಲಿನ ಸಮತಟ್ಟಿನಲ್ಲಿ ಹೊಸದಾಗಿ ಮೂರು ತೋಡಿಸಿದೆ. ಇಪ್ಪತ್ತು ಬುಡ ಕಾಫಿ ಹೋಯಿತು, ಹೆಂಡತಿ ಇನ್ನೂ ಆ ಮಾತು ಎತ್ತುತ್ತಾಳೆ. ಮೂರಕ್ಕೂ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ. ಮೊದಲನೆಯದು ಸುಣ್ಣ ಬೆರೆಸುವುದಕ್ಕೆ. ಹುಳಿ ಬಂದ ಪಲ್ಪಿಂಗ್ ನೀರಿನ ಪಿಎಚ್, ಅಂದರೆ ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ, ನಾಲ್ಕರ ಆಸುಪಾಸಿಗೆ ಇಳಿದಿರುತ್ತದೆ, ಅದನ್ನು ಏಳಕ್ಕೆ ತಂದ ಮೇಲೆಯೇ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುವುದು. ಎರಡನೆಯದು ಆಳದ್ದು, ಗಾಳಿ ಬೇಡದ ಜೀವಿಗಳಿಗೆ. ಮೂರನೆಯದು ಅಗಲವಾಗಿ, ಆಳವಿಲ್ಲದೆ, ಗಾಳಿ ಬೆಳಕು ಬೇಕಾದವುಗಳಿಗೆ.

ಸುಣ್ಣ ಹಾಕಿದ ಮೊದಲ ದಿನ ನಾವೆಲ್ಲ ಹೆದರಿದೆವು. ಚಹಾದ ಬಣ್ಣದ ನೀರಿಗೆ ಸುಣ್ಣದ ತಿಳಿ ಬೀಳುತ್ತಿದ್ದಂತೆ ಅದು ಕಡುಹಸಿರಾಗಿ, ನೋಡನೋಡುತ್ತಲೇ ಮಸಿಯಂತೆ ಕಪ್ಪಾಯಿತು. “ಒಳ್ಳೆಯದು ಮಾಡಲು ಹೋಗಿ ಇದೇನು ಮಾಡಿದಿರಿ ಅಯ್ಯ!” ಎಂದು ಮೇಸ್ತ್ರಿ ಹಿಂದೆ ಸರಿದ. ಸಂಪರ್ಕಾಧಿಕಾರಿಗೆ ಫೋನು ಮಾಡಿದರೆ ಅವರು ಆಚೆ ನಗುತ್ತಿದ್ದರು. ಹಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ವಸ್ತುವೇ ಹುಳಿ ಹೋದಾಗ ಹಾಗೆ ಕಪ್ಪಾಗುತ್ತದಂತೆ. ನೋಡಲು ಭಯಂಕರ, ಆದರೆ ಪಿಎಚ್ ಸರಿಯಾಗಿದೆ ಎಂಬುದರ ಗುರುತು. ಮೊದಲು ಬಕೆಟ್ಟಿನಲ್ಲಿ ಚಮಚದ ಲೆಕ್ಕದಲ್ಲಿ ಹಾಕಿ, ಪಿಎಚ್ ಕಾಗದ ಅದ್ದಿ ನೋಡಿ, ಆಮೇಲೆ ಹೊಂಡಕ್ಕೆ ಲೆಕ್ಕ ಕಟ್ಟುವುದನ್ನು ರೈಟರ್ ಒಂದು ವಾರದಲ್ಲಿ ನನಗಿಂತ ಚೆನ್ನಾಗಿ ಕಲಿತ. ಎರಡನೆಯ ಹೊಂಡಕ್ಕೆ ಹೆಪ್ಪು ಹಾಕಿದಂತೆ ಸೆಗಣಿ ಬಗ್ಗಡ ಹಾಕಿದೆವು. ಹದಿನೈದು ದಿನಕ್ಕೆ ಗುಳ್ಳೆ ಏಳತೊಡಗಿತು.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರಕ್ಕೆ ಅರ್ಜಿ ಸಲ್ಲಿಸುವುದು ಹೊಂಡ ತೋಡಿದ್ದಕ್ಕಿಂತ ಬೆವರು ಹರಿಸಿತು. ಎಲ್ಲವೂ ಆನ್‌ಲೈನ್. ಸೈಬರ್ ಅಂಗಡಿಯ ಹುಡುಗ ಒಂದೊಂದೇ ಪ್ರಶ್ನೆ ಓದುತ್ತ ಹೋದ. ದಿನಕ್ಕೆ ಎಷ್ಟು ಕಿಲೋಲೀಟರ್? ನೀರಿನ ಮೂಲ ಯಾವುದು? ವರ್ಷದಲ್ಲಿ ಎಷ್ಟು ದಿನ ಉತ್ಪಾದನೆ? ಅರವತ್ತು ದಿನ ಎಂದರೆ ಅವನಿಗೆ ನಂಬಿಕೆಯಿಲ್ಲ. ಶುಲ್ಕ ಬಂಡವಾಳದ ಮೇಲೆ ನಿಂತಿರುವುದರಿಂದ ಯಂತ್ರದ ಬೆಲೆ ಬೇಕು, ಅದಕ್ಕೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಅಪ್ಪ 1974ರಲ್ಲಿ ಕೊಂಡ ಪಲ್ಪರಿನ ಈಗಿನ ಬೆಲೆ ಎಷ್ಟೆಂದು ಆ ಲೆಕ್ಕಪರಿಶೋಧಕರು ನನ್ನನ್ನೇ ಕೇಳಿದರು. “ಗುಜರಿಯವರು ತೂಕಕ್ಕೆ ಕೇಳಿದ್ದಾರೆ” ಎಂದೆ. ಎರಡು ಸಲ ಆಕ್ಷೇಪಣೆಯೊಂದಿಗೆ ವಾಪಸ್ ಬಂದು, ಮೂರನೆಯ ಸಲ ಪಾಸಾಯಿತು.

ಆ ಕುಯ್ಲಿನಲ್ಲಿ ಮತ್ತೆ ಮಾದರಿ ತೆಗೆದರು, ಮೂರನೆಯ ಹೊಂಡದಿಂದ. ಬಿಒಡಿ ಮೂರಂಕಿ. ನೂರರ ಹತ್ತಿರವೂ ಇಲ್ಲ, ನಾನೂರರ ಮೇಲೆ. ಕಾರಣ ನನಗೆ ಗೊತ್ತಿತ್ತು. ಕುಯ್ಲು ಒತ್ತಿಕೊಂಡು ಬಂದ ವಾರ ಎರಡನೆಯ ಹೊಂಡದಲ್ಲಿ ನೀರು ಸಾಕಷ್ಟು ದಿನ ನಿಲ್ಲಲಿಲ್ಲ. ಸಿಪ್ಪೆಯ ರಾಶಿಯಿಂದ ಸೋರಿದ ರಸವೂ ಮೂರನೆಯದಕ್ಕೆ ಇಳಿದಿತ್ತು. ಅಧಿಕಾರಿ ಒಂದು ಹೊಂಡ ಹೆಚ್ಚಿಸಿ, ಸಿಪ್ಪೆಗೆ ಕಟ್ಟೆ ಕಟ್ಟಿ ಎಂದು ಬರೆದು ಹೋದರು. ಮರುವರ್ಷ ಎರಡಂಕಿಗೆ ಇಳಿಯಿತು. ಆ ನೀರನ್ನು ಈಗ ಬೇಸಿಗೆಯಲ್ಲಿ ರೊಬಸ್ಟಾಕ್ಕೆ ಹಾಯಿಸುತ್ತೇನೆ. ಹಳ್ಳಕ್ಕೆ ಒಂದು ಹನಿಯೂ ಇಲ್ಲ.

ಮೇಲಿನ ಎಸ್ಟೇಟಿನ ಕಥೆ ಏನಾಯಿತೆಂದು ಎಲ್ಲರೂ ಕೇಳುತ್ತಾರೆ. ತಪಾಸಣೆಯ ದಿನ ಅವರ ಪಲ್ಪರ್ ನಿಂತಿತ್ತು. ಹೊಂಡಗಳಿದ್ದವು, ಸಮ್ಮತಿ ಪತ್ರ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ತೂಗುಹಾಕಿತ್ತು. ತೆಳು ಕಂದಿನ ಬಾಟಲಿಯ ಆಧಾರದ ಮೇಲೆ ಅವರಿಗೂ ಒಂದು ನೋಟಿಸು ಹೋಯಿತು. ಆಮೇಲೆ ಹಗಲಿನ ನೀರು ಸುಧಾರಿಸಿದೆ. ರಾತ್ರಿಯದರ ಬಗ್ಗೆ ನಾನು ಪ್ರಮಾಣ ಮಾಡಿ ಹೇಳಲಾರೆ. ವರ್ಷಕ್ಕೊಮ್ಮೆ ತೆಗೆಯುವ ಮಾದರಿ ಮದುವೆಯ ಫೋಟೋ ಇದ್ದ ಹಾಗೆ, ಆ ಕ್ಷಣಕ್ಕೆ ಎಲ್ಲರೂ ತಲೆ ಬಾಚಿಕೊಂಡು ನಿಂತಿರುತ್ತಾರೆ. ಇನ್ನೂ ಒಂದು ಮಾತು. ಮುಂಗಾರಿಗೆ ಮೊದಲು ನಾವೆಲ್ಲ ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಗೊಬ್ಬರ ಹಾಕುತ್ತೇವೆ. ಅದರಲ್ಲಿ ಎಷ್ಟು ತೊಳೆದುಕೊಂಡು ಹಳ್ಳಕ್ಕೆ ಹೋಗುತ್ತದೆಂದು ನೋಡಲು ನಮ್ಮ ಹಳ್ಳಕ್ಕಂತೂ ಇಲ್ಲಿಯವರೆಗೆ ಯಾವ ಬಾಟಲಿಯೂ ಬಂದಿಲ್ಲ. ಪೈಪು ಇದ್ದಲ್ಲಿ ಕಾನೂನಿಗೆ ಕಣ್ಣಿದೆ.

ಹೋದ ಡಿಸೆಂಬರಿನಲ್ಲಿ ಅಕಾಲದ ಮಳೆ ಸುರಿಯಿತು. ರಾತ್ರಿ ಒಂಬತ್ತಕ್ಕೆ ಪಲ್ಪರ್ ಓಡುತ್ತಿತ್ತು, ಇನ್ನೂ ಹದಿನೆಂಟು ಮೂಟೆ ಹಣ್ಣು ಬಾಕಿ. ರೈಟರ್ ಟಾರ್ಚು ಹಿಡಿದು ಬಂದು, “ಎರಡನೆಯ ಹೊಂಡ ನಾಲ್ಕು ಬೆರಳು ಉಳಿದಿದೆ ಅಯ್ಯ” ಎಂದ. ಹೋಗಿ ನೋಡಿದೆ. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಕತ್ತಲಲ್ಲಿ ಒಂದು ಕಡೆ ಅಂಚು ಕಡಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದದ್ದು ನಿಜ. ಪಲ್ಪರ್ ನಿಲ್ಲಿಸಿದೆವು. ಹೊಂಡದ ಸುತ್ತ ಮರಳಿನ ಚೀಲ ಪೇರಿಸಿ, ಸೂರಿನ ನೀರು ಒಳಗೆ ಬೀಳದಂತೆ ಟಾರ್ಪಾಲಿನ ಇಳಿಜಾರು ಕಟ್ಟುವಷ್ಟರಲ್ಲಿ ಎರಡು ಗಂಟೆ. ಆ ಹದಿನೆಂಟು ಮೂಟೆ ಅರ್ಧ ಮುಗ್ಗಿ, ಕೊನೆಗೆ ಚೆರ್ರಿಯ ಬೆಲೆಗೂ ಕಡಿಮೆಗೆ ಹೋಯಿತು.

ಬೆಳಗಾಗುತ್ತಲೇ ಪಿಎಚ್ ಕಾಗದದ ಪುಸ್ತಕ ಹಿಡಿದು ಹಳ್ಳಕ್ಕೆ ಇಳಿದಾಗ ಮಾವ ಆಗಲೇ ಅಲ್ಲಿದ್ದರು. ಗೊರಬು ಹೊದ್ದು, ಕೈಯಲ್ಲಿ ಕೋಲು.

“ರಾತ್ರಿ ಯಂತ್ರದ ಸದ್ದು ಅರ್ಧಕ್ಕೇ ನಿಂತಿತಲ್ಲಪ್ಪಾ?”

“ಹೊಂಡ ತುಂಬಿತ್ತು ಮಾವ.”

ಅವರು ಏನೂ ಹೇಳಲಿಲ್ಲ. ನಾನು ಕಾಗದ ಅದ್ದಿ, ಬಣ್ಣವನ್ನು ಪಟ್ಟಿಯ ಪಕ್ಕದಲ್ಲಿ ಹಿಡಿಯುವುದನ್ನು ಬಗ್ಗಿ ನೋಡಿದರು. ಏಳು. ಎಷ್ಟಿದ್ದರೆ ಸರಿ, ಎಷ್ಟಕ್ಕಿಂತ ಇಳಿದರೆ ಹುಳಿ ಎಂದು ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಕೈ ಚಾಚಿದರು. ಒಂದು ಹಾಳೆ ಹರಿದು ಕೊಡಲು ಹೋದೆ.

“ಒಂದಲ್ಲ, ಪುಸ್ತಕವನ್ನೇ ಕೊಡು” ಎಂದರು. “ಮೇಲಿನವರದ್ದನ್ನೂ ನೋಡಬೇಕು, ನಿನ್ನದನ್ನೂ ನೋಡಬೇಕು.”

ಪುಸ್ತಕ ಈಗ ಅವರ ಹತ್ತಿರವೇ ಇದೆ. ಖಾಲಿಯಾದಾಗ ಪೇಟೆಯಿಂದ ಇನ್ನೊಂದು ತಂದುಕೊಡುವುದು ನನ್ನ ಪಾಲಿನ ಕೆಲಸ.